ನಡುವಿನ ಫೋನು

“ಬಂತಾ?” ಎಂದು ಅಕ್ಕ ಕೋಣೆಯಿಂದ ಕೂಗಿದಳು.

“ಬಂತು. ‘ಊಟ ಆಯ್ತಾ’ ಅಂತ ಬಂದಿದೆ. ಮೊದಲು ಊಟ ಹಾಕು, ಆಮೇಲೆ ಕೇಳು,” ಎಂದು ಅವಳ ಗೆಳತಿ ನೆಲಮಾಳಿಗೆಯಿಂದ ಕೂಗಿದಳು. ಅಕ್ಕ ನಕ್ಕಳು.

ತಂಗಿ ನೆಲಮಾಳಿಗೆಗೆ ಇಳಿಯುವ ಮೆಟ್ಟಿಲ ಕಬ್ಬಿಣದ ಬಾಗಿಲಿಗೆ ಒರಗಿ ನಿಂತಿದ್ದಳು. ಅಕ್ಕ ಮಾಡಿದ ಆ್ಯಪ್‌ಗೆ ಇಂಟರ್ನೆಟ್ ಬೇಕಾಗಿರಲಿಲ್ಲ. ಹತ್ತಿರದ ಫೋನುಗಳು ತಾವೇ ಒಂದನ್ನೊಂದು ಹುಡುಕಿಕೊಂಡು ಸುದ್ದಿ ಮುಟ್ಟಿಸುತ್ತಿದ್ದವು. ಸಿಗ್ನಲ್ ಸಿಗದ ಗೋದಾಮಿನ ಕೆಲಸಗಾರರಿಗೆಂದು ಮಾಡಿದ್ದು. ಶುರುವಿನಿಂದಲೂ ಎರಡನೆಯ ಫೋನು ಹಿಡಿದು ಮನೆಯೆಲ್ಲ ಅಲೆದವಳು ತಂಗಿ. ಬಚ್ಚಲಲ್ಲಿ ನಿಂತು, ಮಂಚದ ಕೆಳಗೆ ತೂರಿ, “ಬಂತು”, “ಬರ್ಲಿಲ್ಲ” ಎಂದು ಕೂಗಿ ಗಂಟಲು ಕಟ್ಟಿದ್ದೂ ಉಂಟು. ಶಾಲೆ ಬಿಟ್ಟ ಮೇಲೆ ಅವಳನ್ನು ಯಾರಾದರೂ ಒಂದು ಕೆಲಸಕ್ಕೆಂದು ಕರೆದಿದ್ದರೆ ಅದು ಇದಕ್ಕೇ.

ಈಗ ಅಕ್ಕನ ಜೊತೆ ಕೂತು ಕೋಡ್ ಬರೆಯಲು ಈ ಗೆಳತಿ ಬಂದಿದ್ದಳು. ಅವಳ ಕೂದಲು ನೋಡಿ ತಂಗಿ ಮನಸ್ಸಿನಲ್ಲೇ ‘ಗುಂಗುರು’ ಎಂದು ಹೆಸರಿಟ್ಟಿದ್ದಳು. ಎರಡನೆಯ ಫೋನು ಗುಂಗುರುವಿನ ಕೈಗೆ ಹೋಗಿತ್ತು. ತನ್ನನ್ನು ಅಕ್ಕ ಒಬ್ಬಳೇ ಕರೆಯುತ್ತಿದ್ದ ‘ಪುಟ್ಟಿ’ ಎಂಬ ಹೆಸರೂ ಅವಳ ಬಾಯಿಗೆ ಹೋಗಿತ್ತು.

“ನಾಳೆ ಗೋದಾಮಿನ ಮ್ಯಾನೇಜರಿಗೆ ತೋರಿಸೋಕೆ ನಾವಿಬ್ರೇ ಸಾಕಲ್ವಾ?” ಕೆಳಗಿನಿಂದ ಗುಂಗುರು ಕೇಳಿದಳು.

“ಸಾಕು ಬಿಡೇ. ಇನ್ನೊಂದ್ಸಲ ನೋಡೋಣ, ಆ ಮೂಲೇಲಿ ನಿಂತ್ಕೋ.”

ತಂಗಿ ಕಬ್ಬಿಣದ ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡಳು. ಉಳಿದ ಸಂದಿಯಲ್ಲಿ ತಾನು ನಿಂತಳು. ‘ಅಡ್ಡ ನಿಲ್ಬೇಡ ಕಣೇ, ಮನುಷ್ಯರ ಮೈಯೆಲ್ಲ ನೀರು, ಫೋನಿನ ಅಲೆನೆಲ್ಲ ಕುಡಿದುಬಿಡುತ್ತೆ’ ಎಂದು ಅಕ್ಕನೇ ಎಷ್ಟೋ ಸಲ ಗದರಿದ್ದಳು.

“ಬಂತಾ?”

“ಇಲ್ಲ.”

“ಈಗ?”

“ಊಹೂಂ. ನನ್ನ ಫೋನಿಗೆ ನೀನೇ ಕಾಣ್ತಿಲ್ಲ.”

ಕೋಣೆಯಲ್ಲಿ ಕೀಲಿಮಣೆಯ ಸದ್ದು ಜೋರಾಯಿತು, ನಿಂತಿತು, ಮತ್ತೆ ಶುರುವಾಯಿತು.

“ನಾಳೆ ಕೈ ಕೊಟ್ರೆ ಏನು ಗತಿ? ಬರಲ್ಲ ಅಂತ ಮ್ಯಾನೇಜರಿಗೆ ಹೇಳಿಬಿಡ್ಲಾ?” ಅಕ್ಕನ ದನಿ ಸಣ್ಣದಾಗಿತ್ತು.

ಆ ದನಿ ತಂಗಿಗೆ ಹಿತವಾಯಿತು. ಹಿತವಾದದ್ದಕ್ಕೆ ಕಿವಿ ಬಿಸಿಯಾಯಿತು. ಆದರೂ ಕಾಲು ಕದಲಲಿಲ್ಲ.

ಅಕ್ಕ ಎದ್ದು ಬಂದಳು. ಬಾಗಿಲನ್ನು ನೋಡಿದಳು, ಸಂದಿಯಲ್ಲಿದ್ದವಳನ್ನು ನೋಡಿದಳು.

“ಗೋದಾಮಿಗೂ ಇಂಥದ್ದೇ ಬಾಗಿಲು ಕಣೇ,” ಎಂದಳು ಅಕ್ಕ, ತಲೆ ಚಚ್ಚಿಕೊಂಡು. “ನಂಗೆ ಹೊಳೀಲೇ ಇಲ್ಲ. ಪುಟ್ಟಿ, ನಿನ್ನ ಫೋನಲ್ಲೂ ಆ್ಯಪ್ ತೆಗಿ. ಇಲ್ಲೇ ನಿಂತಿರು. ನಾನು ಕಳ್ಸಿದ್ದು ನಿನ್ನ ಫೋನಿಗೆ ಬಂದು, ಅಲ್ಲಿಂದ ಅವಳ ಫೋನಿಗೆ ದಾಟುತ್ತೆ. ಕೋಡ್ ಹಾಗೇ ಬರೆದಿದ್ವಿ, ಪರೀಕ್ಷೆ ಮಾಡೋದೇ ಬಾಕಿ ಇತ್ತು. ನಾಳೆ ನೀನೂ ಬರ್ಬೇಕು.”

“ನೀವಿಬ್ರೂ ಕಳ್ಸಿದ್ದು ನಂಗೆ ಕಾಣುತ್ತಾ?”

“ಇಲ್ಲ ಕಣೇ, ಬೀಗ ಹಾಕಿರುತ್ತೆ. ನಡುವಿನೋರಿಗೆ ಕಾಣಲ್ಲ. ದಾಟಿಸೋದಷ್ಟೇ ನಿನ್ನ ಕೆಲಸ.”

ಅಕ್ಕ ಒಳಗೆ ಹೋದಳು. ತಂಗಿಯ ಕೈಯಲ್ಲಿ ಫೋನು ನಡುಗಿತು. ಪರದೆಯ ಮೇಲೆ ‘ದಾಟಿತು’ ಎಂದಷ್ಟೇ ಮೂಡಿತು. ಕೆಳಗೆ ಗುಂಗುರು ನಕ್ಕಳು. ಫೋನು ಇನ್ನೊಮ್ಮೆ ನಡುಗಿತು. ಈಗ ಕೋಣೆಯಲ್ಲಿ ಅಕ್ಕ ನಕ್ಕಳು.

ತಂಗಿ ಫೋನನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, ಸಂದಿಗೆ ತನ್ನ ಮೈ ಅಡ್ಡವಾಗದಂತೆ ಗೋಡೆಗೆ ಅಂಟಿಕೊಂಡು ನಿಂತಳು.