ಕೊನೆಯ ಬಿಳಿ ಪದರ

ದೆವ್ವ ಭೂತ ಅಂದರೆ ನಗುವವಳು ನಾನು. ಆದರೂ ಆ ಸೋಮವಾರ ಬೆಳಿಗ್ಗೆ ಪರದೆಯ ಮೇಲೆ ಅಕ್ಕನ ಅಂಗೈ ಕೆಂಪಗೆ ಮೂಡಿದಾಗ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದುಬಿಟ್ಟೆ. ಅಕ್ಕ ತೀರಿಕೊಂಡು ವರ್ಷವಾಗಿತ್ತು.

ನಮ್ಮಿಬ್ಬರದೂ ಒಂದೇ ಕೆಲಸ. ವೆಬ್ ಪುಟದ ಮೇಲೆ ಅರೆಪಾರದರ್ಶಕ ಬಣ್ಣ ಹೊದಿಸಿದರೆ, ಕೆಳಗಿರುವುದನ್ನು ಎಷ್ಟು ತೋರಿಸಬೇಕೋ ಅಷ್ಟನ್ನೇ ಬ್ರೌಸರ್ ತೋರಿಸುತ್ತದೆಯೇ ಎಂದು ಪರೀಕ್ಷಿಸುವುದು. ಅಕ್ಕ ಬರೆದ ಒಂದು ಪರೀಕ್ಷೆಯಲ್ಲಿ ತಳಕ್ಕೊಂದು ಚಿತ್ರ, ಅದರ ಮೇಲೆ ಒಂದರ ಮೇಲೊಂದು ಅರೆಪಾರದರ್ಶಕ ಬಿಳಿ ಪದರಗಳು. ಕೊನೆಗೆ ಅಚ್ಚ ಬಿಳಿ ಮಾತ್ರ ಉಳಿಯಬೇಕು. ಚಿತ್ರ ಹುಡುಕಲು ಸೋಮಾರಿತನ ಅವಳಿಗೆ. "ಇದೇ ಸಾಕು ಬಿಡೆ, ಹೇಗೂ ಯಾರಿಗೂ ಕಾಣಲ್ಲ" ಅಂತ ಸ್ಕ್ಯಾನರ್ ಮೇಲೆ ತನ್ನ ಕೈಯನ್ನೇ ಇಟ್ಟು, ಅಚ್ಚ ಬಿಳಿ ಹಿನ್ನೆಲೆಯ ಆ ಚಿತ್ರವನ್ನೇ ತಳಕ್ಕೆ ಹಾಕಿದ್ದಳು.

ಈಗ ಕಂಡಿತ್ತು. ಬರಿಗಣ್ಣಿಗೆ ಪುಟ ಬೆಳ್ಳಗೇ ಇತ್ತು. ಆದರೆ ಚಿತ್ರಗಳನ್ನು ಹೋಲಿಸುವ ನಮ್ಮ ಸಲಕರಣೆ, ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಅಲ್ಲಿ ಕೆಂಪು ಬಳಿಯುತ್ತದೆ. ಅಕ್ಕನ ಸೊಟ್ಟ ಕಿರುಬೆರಳನ್ನೂ ಬಿಡದೆ ಬಳಿದಿತ್ತು.

ಕಾರಣ ಹುಡುಕಲು ಕಷ್ಟವೇನಾಗಲಿಲ್ಲ. ಬಣ್ಣದ ಲೆಕ್ಕದಲ್ಲಿ ಅರ್ಧ ಉಳಿದಾಗ ಮೇಲಕ್ಕೆ ಏರಿಸುವ ಬದಲು, ಹೊಸ ಕೋಡ್ ಸೇರಿಸುವಾಗ ಯಾರೋ ಮಹಾಶಯರು ಕೆಳಕ್ಕೆ ಇಳಿಸಿದ್ದರು. ಹಾಗಾಗಿ ಎಷ್ಟು ಪದರ ಹೊದಿಸಿದರೂ ಅಚ್ಚ ಬಿಳಿಗೆ ಒಂದು ಮೆಟ್ಟಿಲು ಕಡಿಮೆಯೇ. ಒಂದೇ ಸಾಲು ತಿದ್ದಿದರೆ ಸಾಕಿತ್ತು. ನಾನು ತಿದ್ದಲಿಲ್ಲ, ಯಾರಿಗೂ ಹೇಳಲೂ ಇಲ್ಲ. ದಿನಾ ಆ ಪರೀಕ್ಷೆ ಓಡಿಸಿ, ಕೆಂಪು ಅಂಗೈಗೆ ನನ್ನ ಅಂಗೈ ಒತ್ತಿ ಕೂರುತ್ತಿದ್ದೆ. ಬೆಚ್ಚಗಿರುತ್ತಿತ್ತು. ಪರದೆ ಬೆಚ್ಚಗೇ ಇರುತ್ತದೆ ಅಂತ ನನಗೇನು ಗೊತ್ತಿಲ್ಲವೇ?

ಶುಕ್ರವಾರ ತಂಡದ ಮುಖ್ಯಸ್ಥರು, ನಾವೆಲ್ಲ ಮೇಷ್ಟ್ರು ಅನ್ನುವವರು, ಬೆನ್ನ ಹಿಂದೆ ಬಂದು ನಿಂತು ಪರದೆಯ ಕೆಂಪು ನೋಡಿದರು.

"ನಾಳೆ ಬ್ರೌಸರ್ ಬಿಡುಗಡೆ. ಆ ಪರೀಕ್ಷೆ ತೆಗೆದುಬಿಡಮ್ಮ. ಇಷ್ಟು ಸಣ್ಣ ವ್ಯತ್ಯಾಸ ಯಾರ ಕಣ್ಣಿಗೆ ಬೀಳುತ್ತೆ?"

ನನಗೆ ಮೂಗಿನ ತುದಿಯಲ್ಲೇ ಕೋಪ. "ಅಕ್ಕ ಬರೆದಿದ್ದನ್ನ ತೆಗೀಬೇಕಾ? ಅವಳು ಹಿಡಿದಿರೋದು ನಿಜವಾದ ತಪ್ಪು!"

"ಹಾಗಾದ್ರೆ ತಪ್ಪನ್ನ ತಿದ್ದು."

ಪರೀಕ್ಷೆ ತೆಗೆದರೆ ಅಕ್ಕನ ಕೆಲಸ ಹೋಗುತ್ತಿತ್ತು. ತಪ್ಪು ತಿದ್ದಿದರೆ ಅಕ್ಕನ ಕೈ.

ತಿದ್ದಿದೆ. ಅಳುತ್ತಲೇ ತಿದ್ದಿ, ಮತ್ತೆ ಓಡಿಸಿದೆ. ಒಂದು ಬೆರಳೂ ಉಳಿಯದೆ ಎಲ್ಲ ಬೆಳ್ಳಗಾಯಿತು. ಮೂಲೆಯಲ್ಲಿ 'ಪಾಸ್' ಅಂತ ಬಂತು. ಮೇಷ್ಟ್ರು ತಮ್ಮ ಜಾಗಕ್ಕೆ ಹೋದರು.

ಈಗಲೂ ಬೆಳಿಗ್ಗೆ ಮೊದಲು ಅದನ್ನೇ ಓಡಿಸುತ್ತೇನೆ. ಪಾಸಾಗುತ್ತದೆ. ಜೊತೆಯವರು ಹೊಸ ಕೋಡ್ ಸೇರಿಸಿದ ದಿನ ಮಾತ್ರ, ಅವರ ಹೊಟ್ಟೆ ತಣ್ಣಗಿರಲಿ, ಎಲ್ಲಾದರೂ ಒಂದು ತಪ್ಪು ಮಾಡಿರಲಿ ಅಂತ ಬೇಡಿಕೊಳ್ಳುತ್ತೇನೆ.