ಕಾಗದಕ್ಕೆ ಸಿಗದ ಹಸಿರು

ಅಪ್ಪ ಬೇಕೆಂದೇ ನನ್ನ ಹಸಿರನ್ನು ಕೆಡಿಸಿದ್ದಾರೆ ಅಂತಲೇ ಅಂದುಕೊಂಡೆ. ನಾನು ವಿನ್ಯಾಸ ಮಾಡಿದ ಮೊದಲ ಮುಖಪುಟ ಅದು, ಮಕ್ಕಳ ಕಥೆಗಳದ್ದು. ಪರದೆಯ ಮೇಲೆ ಗಿಳಿಯಂತೆ ಹೊಳೆಯುತ್ತಿದ್ದ ಬಣ್ಣ ಅಪ್ಪನ ಪ್ರೆಸ್ಸಿನಿಂದ ಬಾಡಿದ ಸೊಪ್ಪಾಗಿ ಹೊರಬಿತ್ತು. ಲೇಖಕಿ ಒಪ್ಪಿದ್ದು ಪರದೆಯಲ್ಲಿ ನೋಡಿ. ಸಂಜೆ ಅವರು ಬರುವಷ್ಟರಲ್ಲಿ ಹಾಳೆ ಸರಿಯಾಗದಿದ್ದರೆ ಕೆಲಸ ಬೇರೆಯವರ ಪಾಲು.

ಇಂಕಿಗೆ ಜಿಪುಣತನ ಮಾಡಬೇಡಿ ಎಂದೆ. ನಲವತ್ತು ವರ್ಷ ಮೆಷಿನ್ ಮುಂದೆ ನಿಂತವರಿಗೆ ನಾನು ಹೇಳಿಕೊಟ್ಟ ಪಾಠ ಅದು. ಅಪ್ಪ ಇಂಕು ಹೆಚ್ಚಿಸಿದರು. ಹಸಿರು ಹೊಳೆಯುವ ಬದಲು ಕಪ್ಪಿಟ್ಟಿತು, ಹಾಳೆಗಳು ಒಂದಕ್ಕೊಂದು ಅಂಟಿಕೊಂಡವು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ; ನಾನು ಕಾಗದವನ್ನು ಬೈದೆ.

ಆಗ ಅಪ್ಪ ಕಿಟಕಿ ಮುಚ್ಚಿ ದೀಪ ಆರಿಸಿದರು. ಲ್ಯಾಪ್‌ಟಾಪಿನಲ್ಲಿ ಹಸಿರು ಇನ್ನೂ ಉರಿಯುತ್ತಿತ್ತು. ನನ್ನ ಕೈಯಲ್ಲಿದ್ದ ಹಾಳೆ ಮಾತ್ರ ಕಾಣಲೇ ಇಲ್ಲ.

"ನಿನ್ನ ಪರದೆ ಒಳಗೇ ದೀಪ ಇಟ್ಕೊಂಡಿದೆ ಕಣಮ್ಮ," ಅಂದರು. "ಕಾಗದಕ್ಕೆಲ್ಲಿದೆ? ಮೇಲೆ ಬಿದ್ದ ಬೆಳಕಲ್ಲಿ ಇಂಕು ಒಂದಷ್ಟು ನುಂಗುತ್ತೆ, ಉಳಿದದ್ದು ನಮ್ಮ ಕಣ್ಣಿಗೆ. ಇಂಕು ಜಾಸ್ತಿ ಆದಷ್ಟೂ ನುಂಗೋದೂ ಜಾಸ್ತಿ."

ನಾಚಿಕೆಯಾಯಿತು. ಆದರೂ ಬಿಡದೆ, ಹಾಗಾದರೆ ಲೇಖಕಿಗೆ ಏನು ತೋರಿಸಲಿ ಎಂದು ಸಿಡುಕಿದೆ. ಕಿಟಕಿ ತೆರೆದು, ಅಪ್ಪ ತಮ್ಮ ಬಣ್ಣದ ಪುಸ್ತಕ ಮುಂದಿಟ್ಟರು. ಬೆರೆಸಿದ ಪ್ರತಿ ಇಂಕನ್ನೂ ಬೆರಳಿನಿಂದ ಪುಟಕ್ಕೆ ತಟ್ಟಿ, ಪಕ್ಕದಲ್ಲಿ ಅಳತೆ ಬರೆದಿಡುವುದು ಅವರ ರೂಢಿ. ಕಾಗದದ ಹಸಿರನ್ನು ಕಾಗದದ ಮೇಲೇ ಆರಿಸಿಕೋ ಎಂದು ಹೇಳಿ ಮೆಷಿನ್ ಒರೆಸಲು ಹೋದರು.

ಒಂದು ಪುಟದಲ್ಲಿ ಬರೀ ಹಸಿರು, ಹನ್ನೊಂದು ಬೆರಳಗುರುತು. ಮೇಲೆ "ಪುಟ್ಟಿಯ ಫ್ರಾಕು" ಎಂದಿತ್ತು. ನಾಲ್ಕು ವರ್ಷದವಳಿದ್ದಾಗ, ನನ್ನ ಹೆಸರನ್ನು ನನ್ನ ಹೊಸ ಫ್ರಾಕಿನ ಬಣ್ಣದಲ್ಲೇ ಅಚ್ಚು ಹಾಕಿಕೊಡಬೇಕೆಂದು ರಚ್ಚೆ ಹಿಡಿದಿದ್ದೆನಂತೆ. ಅಮ್ಮ ಈಗಲೂ ಹೇಳಿ ನಗುತ್ತಾಳೆ. ಹತ್ತು ಗುರುತುಗಳ ಪಕ್ಕ "ಸಿಗಲಿಲ್ಲ" ಎಂದು ಬರೆದಿತ್ತು. ಹನ್ನೊಂದನೆಯದರ ಪಕ್ಕ: "ಸಿಗಲಿಲ್ಲ. ತೋರಿಸಿದೆ. ನಕ್ಕಳು."

ಸಂಜೆ ಲೇಖಕಿ ಆ ಹನ್ನೊಂದನೆಯ ಹಸಿರಿನಲ್ಲಿ ಅಚ್ಚಾದ ಹಾಳೆಯನ್ನು ಕಿಟಕಿಯ ಬಳಿ ಹಿಡಿದು, ತುಂಬ ಹೊತ್ತು ನೋಡಿ ಒಪ್ಪಿದರು. ಖುಷಿಯಾಯಿತು, ಸುಳ್ಳೇಕೆ. ಆದರೆ ನನ್ನ ಮನಸ್ಸಿನಲ್ಲಿ ಉಳಿದದ್ದು ಬೇರೆ. ಹನ್ನೊಂದನೆಯದನ್ನು ಬೆರೆಸಿಕೊಡಿ ಎಂದು ಕೇಳಿದಾಗ, ಅಳತೆ ನೋಡಲು ಅಪ್ಪ ಪುಸ್ತಕ ತೆರೆಯಲೇ ಇಲ್ಲ.