ಮೊದಲನೆಯದು ಒಂದು ಗೆರೆ ಹೆಚ್ಚು

ಎಂಜಿನಿಯರಿಂಗ್ ಕಾಲೇಜಿನ ಮೊದಲ ವರ್ಷದವರಿಗೆ ರಸಾಯನಶಾಸ್ತ್ರ ಹೇಳುತ್ತಿದ್ದ ಮೇಷ್ಟ್ರಿಗೆ ವಿದ್ಯಾರ್ಥಿಗಳು ಇಟ್ಟಿದ್ದ ಹೆಸರು ‘ಹದಿನಾಲ್ಕು ಪಾಯಿಂಟ್ ಎರಡು’. ಅದು ಅವರ ಕಿವಿಗೂ ಬಿದ್ದಿತ್ತು. ಕೇಳಿಸದವರಂತೆ ಇದ್ದುಬಿಟ್ಟಿದ್ದರು.

ಹೆಸರಿಗೆ ಕಾರಣವಿತ್ತು. ನೀರಿನ ಗಡಸುತನ ಅಳೆಯುವ ಪ್ರಯೋಗಕ್ಕೆಂದು ಲ್ಯಾಬಿನ ಅಟೆಂಡರ್ ಪ್ರತಿ ವರ್ಷವೂ ಒಂದೇ ಅಳತೆಯಲ್ಲಿ ಲವಣ ಕರಗಿಸಿ ನೀರು ಸಿದ್ಧ ಮಾಡುತ್ತಿದ್ದ. ಅದಕ್ಕೆ ಚಿಟಿಕೆ ಸೂಚಕ ಹಾಕಿದರೆ ಕಪ್ಪು ದ್ರಾಕ್ಷಿಯ ರಸದಂತೆ ಕೆಂಪಾಗುತ್ತದೆ. ಮೇಲೆ ನಿಲ್ಲಿಸಿದ, ಅಳತೆಯ ಗೆರೆಗಳಿರುವ ಗಾಜಿನ ಕೊಳವೆ ಬ್ಯೂರೆಟ್ಟಿನಿಂದ ದ್ರಾವಣವನ್ನು ಹನಿಹನಿಯಾಗಿ ಬಿಡುತ್ತ ಹೋದರೆ ಒಂದು ಹನಿಗೆ ಥಟ್ಟನೆ ನೀಲಿಯಾಗುತ್ತದೆ. ಎಷ್ಟು ದ್ರಾವಣ ಹಿಡಿಯಿತೋ ನೀರು ಅಷ್ಟು ಗಡಸು. ಮೇಷ್ಟ್ರ ಲ್ಯಾಬಿನಲ್ಲಿ ಅದು ಇಪ್ಪತ್ತೆಂಟು ವರ್ಷದಿಂದ ಹದಿನಾಲ್ಕು ಪಾಯಿಂಟ್ ಎರಡು ಮಿಲಿಲೀಟರು. ಹಿಂದಿನ ವರ್ಷದವರ ರೆಕಾರ್ಡ್ ಪುಸ್ತಕ ನೋಡಿದವರಿಗೆಲ್ಲ ಉತ್ತರ ಗೊತ್ತು. ಉತ್ತರಕ್ಕೆ ಹತ್ತಿರ ಬಂದವರಿಗೆ ಹತ್ತಕ್ಕೆ ಹತ್ತು. ದೂರ ಹೋದಷ್ಟೂ ಅಂಕ ಕಡಿಮೆ.

ಮೇಷ್ಟ್ರು ದುಷ್ಟರಲ್ಲ. ಸೇತುವೆ ಕಟ್ಟುವವರು, ಯಂತ್ರ ನಡೆಸುವವರು ಈ ಕೆಂಪು ನೀಲಿಯಲ್ಲಿ ಯಾಕೆ ಎಡವಬೇಕು, ಪಾಸಾಗಿ ಹೋಗಲಿ ಪಾಪ, ಎಂಬುದು ಅವರ ಕರುಣೆ. ಪ್ರಾಕ್ಟಿಕಲ್ ಪರೀಕ್ಷೆಯ ಹಿಂದಿನ ದಿನ ಬಾಗಿಲು ಮುಂದೆ ಮಾಡಿ, ದನಿ ತಗ್ಗಿಸಿ ಹೇಳುತ್ತಿದ್ದರು: “ಮೂರು ಸಲ ಅಳೆದು ಬರೀಬೇಕು ಅಂತ ನಿಯಮ. ಮೂರೂ ಒಂದೇ ಬರೆದರೆ ಹೊರಗಿಂದ ಬಂದ ಪರೀಕ್ಷಕರಿಗೆ ಅನುಮಾನ ಬರುತ್ತೆ. ಮೊದಲನೇದು ಒಂದು ಗೆರೆ ಹೆಚ್ಚು ಬರೀರಿ, ಆಮೇಲಿನ ಎರಡು ಒಂದೇ ಇರಲಿ. ಆಗ ಅಳೆದ ಹಾಗೇ ಕಾಣುತ್ತೆ.” ತರಗತಿ ಗೊಳ್ಳೆಂದು ನಗುತ್ತಿತ್ತು. ಮೇಷ್ಟ್ರೂ ನಗುತ್ತಿದ್ದರು.

ಆ ವರ್ಷ ಅವರ ಅಳಿಯ ತೀರಿಕೊಂಡ. ಕಾಗದದ ಮಿಲ್ಲಿನಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಿದ್ದವನು. ಒಳಗಿನ ಕೊಳವೆ ಸಿಡಿದು ಕುದಿಯುವ ಹಬೆ ಮೈಮೇಲೆ ಬಂತು. ಮೂವತ್ತೊಂದು ವರ್ಷ. ದೇವರು ಕೊಟ್ಟದ್ದನ್ನು ದೇವರೇ ತೆಗೆದುಕೊಂಡ ಎಂದು ಮೇಷ್ಟ್ರು ಬಂದವರಿಗೆಲ್ಲ ಹೇಳಿದರು. ಹೇಳುವಾಗ ನಾಲಗೆ ಮರದ ತುಂಡಿನಂತೆ ಆಡುತ್ತಿತ್ತು. ಮಗಳು ತವರಿಗೆ ಬಂದಳು. ಅಳಲಿಲ್ಲ. ನಾಲ್ಕು ತಿಂಗಳು ಕಚೇರಿಯಿಂದ ಕಚೇರಿಗೆ ಅಲೆದಳು.

ಮಿಲ್ಲಿನವರು ತಪ್ಪನ್ನು ಸತ್ತವನ ತಲೆಗೆ ಕಟ್ಟಿದ್ದರು. ಬಾಯ್ಲರಿನ ತಳದ ಕೆಸರುನೀರನ್ನು ಪ್ರತಿ ಪಾಳಿಯಲ್ಲೂ ಹೊರಬಿಡಬೇಕು, ಇವನು ಬಿಡಲಿಲ್ಲ, ಅದಕ್ಕೇ ಕೊಳವೆಯೊಳಗೆ ಕಲ್ಲಿನಂಥ ಪದರ ಕಟ್ಟಿತು ಎಂದು ಅವರ ವಾದ. ಬಾಯ್ಲರಿಗೆ ಹೋಗುವ ನೀರು ಮೆದುವಾಗಿಯೇ ಇತ್ತು ಎನ್ನುವುದಕ್ಕೆ ಅವರ ಬಳಿ ರಿಜಿಸ್ಟರಿತ್ತು. ವಿಚಾರಣೆಯ ಕಚೇರಿಯಿಂದ ಮಗಳು ಅದರ ನಕಲು ತಂದು ಅಪ್ಪನ ಮುಂದೆ ಇಟ್ಟಳು.

“ಅಪ್ಪ, ಅವರು ಒಂದು ದಿನವೂ ಆ ಕೆಲಸ ತಪ್ಪಿಸಿದೋರಲ್ಲ. ಊಟ ಬಿಟ್ಟಾರು, ಅದು ಬಿಡ್ತಿರಲಿಲ್ಲ. ಇದು ನಿಮ್ಮ ವಿದ್ಯೆ ತಾನೆ? ಇದರಲ್ಲಿ ಎಲ್ಲಿ ಸುಳ್ಳಿದೆ ಹೇಳಿ.”

“ಸುಳ್ಳೇ ಇದೆ ಅಂತ ಹೇಗೆ ಹೇಳ್ತೀಯಮ್ಮ?”

“ಕಲ್ಲು ಆಕಾಶದಿಂದ ಬಂತಾ?”

ಮೇಷ್ಟ್ರು ಕನ್ನಡಕ ಒರೆಸಿ ಪುಟ ತಿರುಗಿಸಿದರು. ಅಳಿಯನ ಪಾಳಿಯ ಪುಟಗಳು; ದಿನಕ್ಕೆ ಮೂರು ರೀಡಿಂಗು. ಸೊನ್ನೆ ಪಾಯಿಂಟ್ ಮೂರು, ಎರಡು, ಎರಡು. ಮತ್ತೆ ಮೂರು, ಎರಡು, ಎರಡು. ಒಂದು ವಾರ ನಾಲ್ಕು, ಮೂರು, ಮೂರು. ಏಳು ತಿಂಗಳ ಉದ್ದಕ್ಕೂ ಮೊದಲನೆಯದು ಒಂದು ಗೆರೆ ಹೆಚ್ಚು, ಆಮೇಲಿನ ಎರಡು ಒಂದೇ.

ಅವರ ಬೆರಳು ಪುಟದ ಮೇಲೆ ನಿಂತುಬಿಟ್ಟಿತು. ತನ್ನ ಕೈಬರಹವನ್ನು ಇನ್ನೊಬ್ಬರ ಮನೆಯ ಗೋಡೆಯಲ್ಲಿ ಕಂಡವರಂತೆ ಆದರು.

“ಏನಾಯ್ತು?” ಎಂದಳು ಮಗಳು.

“ನೋಡ್ಬೇಕು. ಎರಡು ದಿನ ಬಿಡು.”

ಮರುದಿನ ಮಧ್ಯಾಹ್ನ ಲ್ಯಾಬಿನ ಬಾಗಿಲಲ್ಲಿ ಒಬ್ಬ ಹೆಂಗಸು ನಿಂತಿದ್ದಳು. ಮಿಲ್ಲಿನ ಬಾಯ್ಲರ್ ವಿಭಾಗದ ಎಂಜಿನಿಯರ್. ರಿಜಿಸ್ಟರಿನ ತಳದಲ್ಲಿದ್ದ ಸಹಿ ಅವಳದು.

“ಸರ್, ನೆನಪಿದೆಯಾ? ಹದಿನೈದು ಪಾಯಿಂಟ್ ಎಂಟು.”

ನೆನಪಿತ್ತು. ಒಂಬತ್ತು ವರ್ಷದ ಹಿಂದಿನ ಮಾತು. ಅರವತ್ತು ಜನರಲ್ಲಿ ಇವಳೊಬ್ಬಳೇ ಹದಿನೈದು ಪಾಯಿಂಟ್ ಎಂಟು ಎಂದು ಬರೆದಿದ್ದಳು. ಆರು ಸಲ ಅಳೆದೆ, ಆರು ಸಲವೂ ಅಷ್ಟೇ ಬಂತು ಎಂದು ವಾದಿಸಿದ್ದಳು. ‘ಎಲ್ಲರಿಗೂ ಬಂದದ್ದು ನಿನಗೊಬ್ಬಳಿಗೆ ಯಾಕಮ್ಮ ಬರಲಿಲ್ಲ?’ ಎಂದು ಕೇಳಿ, ಮೇಷ್ಟ್ರು ಮೂರು ಅಂಕ ಕೊಟ್ಟಿದ್ದರು. ಸಂಜೆ ಅಟೆಂಡರ್ ತಲೆ ಕೆರೆದುಕೊಳ್ಳುತ್ತ ಬಂದ: ನೀರು ಬಟ್ಟಿಯಿಳಿಸುವ ಯಂತ್ರ ಕೆಟ್ಟಿತ್ತು, ಕಡಿಮೆ ಬಿದ್ದಷ್ಟಕ್ಕೆ ಒಂದಿಷ್ಟು ನಲ್ಲಿಯ ನೀರು ಬೆರೆಸಿಬಿಟ್ಟೆ ಸಾರ್. ಹಾಗಾದರೆ ಇವಳು ಬರೆದದ್ದೇ ಸರಿ, ಉಳಿದ ಐವತ್ತೊಂಬತ್ತು ಜನ ಅಳೆದೇ ಇಲ್ಲ. ಮೇಷ್ಟ್ರು ಅಂಕಗಳ ಪಟ್ಟಿಯನ್ನು ನೋಡಿದರು, ಐವತ್ತೊಂಬತ್ತು ಹೆಸರು ತಿದ್ದುವ ಗೋಜು ಯಾಕೆಂದು ಮಡಿಸಿ ಕಳಿಸಿಬಿಟ್ಟರು.

“ಮಿಲ್ಲಿಗೆ ಸೇರಿದ ಮೊದಲ ವಾರ ಬಂದದ್ದೇ ಬರೆದೆ ಸರ್,” ಎಂದಳು ಅವಳು. “ನೀರು ಮೆದು ಮಾಡೋ ತೊಟ್ಟಿ ಕೆಟ್ಟಿತ್ತು. ಸೂಚಕ ಹಾಕಿದ್ರೆ ಕೆಂಪಂದ್ರೆ ಕೆಂಪು. ಮ್ಯಾನೇಜರ್ ಕರೆದು, ‘ಬೇರೆ ಪಾಳಿಯವರಿಗೆಲ್ಲ ಸರಿಯಾಗೇ ಬರುತ್ತಲ್ಲ, ನಿನಗೊಬ್ಬಳಿಗೆ ಯಾಕಮ್ಮ ಬರಲ್ಲ’ ಅಂದ್ರು. ಆ ಮಾತು ಮೊದಲೇ ಕೇಳಿದ್ದೆ ನಾನು. ಏನು ಮಾಡಬೇಕು ಅಂತಾನೂ ಗೊತ್ತಿತ್ತು.”

ಮೇಷ್ಟ್ರು ಸ್ಟೂಲಿನ ಮೇಲೆ ಕುಳಿತರು.

“ರಿಜಿಸ್ಟರ್ ಪರಿಶೀಲನೆಗೆ ನಿಮ್ಮ ಹತ್ರ ಬಂದಿದೆಯಂತೆ, ವಿಚಾರಣೆ ಕಚೇರಿಯಲ್ಲಿ ಹೇಳಿದ್ರು. ಸುಮ್ಮನಿದ್ದುಬಿಡಿ ಸರ್. ಇನ್ಯಾರಿಗೂ ಅದು ಕಾಣಿಸಲ್ಲ. ನನಗೆ ಎರಡು ವರ್ಷದ ಕೂಸಿದೆ. ನಿಮಗೂ ಇನ್ನೆರಡು ತಿಂಗಳಿಗೆ ನಿವೃತ್ತಿ, ನಿಮ್ಮ ಹೆಸರೂ ಬೀದಿಗೆ ಬರುತ್ತೆ.”

“ಸತ್ತೋನು ನನ್ನ ಅಳಿಯ ಕಣಮ್ಮ.”

ಅವಳಿಗೆ ಅದು ಗೊತ್ತಿರಲಿಲ್ಲ. ಬಾಯಿಗೆ ಸೆರಗು ಒತ್ತಿಕೊಂಡು ಗೋಡೆಗೆ ಆತುಕೊಂಡಳು. “ನನಗೆ ಅವತ್ತು ಹತ್ತು ಅಂಕ ಕೊಟ್ಟಿದ್ರೆ ಸರ್...” ಎಂದವಳು ಮಾತು ಮುಗಿಸದೆ ಹೋದಳು.

ಸಂಜೆ ಮೇಷ್ಟ್ರು ದೇವರ ಮುಂದೆ ಕುಳಿತರು. ದಿನವೂ ಹೇಳುವ ಪ್ರಾರ್ಥನೆ ಮೊದಲ ಸಾಲಿನಲ್ಲೇ ನಿಂತಿತು. ಅಳಿಯನನ್ನು ಯಾಕೆ ಕರೆದುಕೊಂಡೆ ಎಂದು ನಾಲ್ಕು ತಿಂಗಳಿಂದ ದೇವರನ್ನು ಕೇಳಿ ಕೇಳಿ ಪೀಡಿಸಿದ್ದರು. ಈಗ ಅವನೇ ತಿರುಗಿ ಕೇಳಿದಂತಾಯಿತು. ಎದ್ದು ಹೋಗಿ ಮಗಳಿಗೆ ಎಲ್ಲವನ್ನೂ ಹೇಳಿದರು: ಗೆರೆಯ ಉಪಾಯ, ಹದಿನೈದು ಪಾಯಿಂಟ್ ಎಂಟು, ತಿದ್ದದೆ ಕಳಿಸಿದ ಪಟ್ಟಿ. ಮಗಳು ತಟ್ಟೆ ತೊಳೆಯುತ್ತಿದ್ದಳು. ನಲ್ಲಿ ನಿಲ್ಲಿಸಲಿಲ್ಲ.

“ನಾಳೆ ಅದನ್ನೇ ಅಲ್ಲಿ ಹೇಳ್ತೀರಾ?”

“ಹೇಳ್ತೀನಿ.”

“ಹೇಳಿ,” ಎಂದಳು. ಅವರ ಕಡೆ ತಿರುಗಲಿಲ್ಲ.

ವಿಚಾರಣೆಯ ಅಧಿಕಾರಿ ಒಳ್ಳೆಯ ಮನುಷ್ಯ. ಕುರ್ಚಿ ಕೊಟ್ಟ, ಟೀ ತರಿಸಿದ. ಮೇಷ್ಟ್ರು ಪುಟ ಪುಟ ತೋರಿಸಿ ಬಿಡಿಸಿ ಹೇಳಿದರು. ಕೈಯಿಂದ ಅಳೆದದ್ದು ಹೀಗೆ ಗೆರೆ ಎಳೆದಂತೆ ಬರುವುದಿಲ್ಲ; ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ ಆಗಿಯೇ ಆಗುತ್ತದೆ. ತೊಟ್ಟಿಯನ್ನು ದುರಸ್ತಿಗೆ ನಿಲ್ಲಿಸಿದ್ದೆವೆಂದು ಮಿಲ್ಲಿನವರೇ ವಿಚಾರಣೆಗೆ ಕೊಟ್ಟ ಬೇರೆ ಪುಸ್ತಕದಲ್ಲಿ ಬರೆದ ಮೂರು ದಿನವೂ ಇಲ್ಲಿ ಅದೇ ಮೂರು, ಎರಡು, ಎರಡು. ಅಧಿಕಾರಿ ತಲೆದೂಗಿ ಬರೆದುಕೊಂಡ.

“ಇನ್ನೊಂದು ಮಾತು ಬರ್ಕೊಳ್ಳಿ,” ಎಂದರು ಮೇಷ್ಟ್ರು. “ಹೀಗೆ ಬರೆಯೋದನ್ನ ಆ ಹುಡುಗಿಗೆ ಕಲಿಸಿದೋನು ನಾನು. ನಿಜ ಬರೆದಾಗ ಅಂಕ ಕತ್ತರಿಸಿದೋನೂ ನಾನೇ.”

ಅಧಿಕಾರಿ ಪೆನ್ನು ಕೆಳಗಿಟ್ಟ. “ಮೇಷ್ಟ್ರೇ, ದುಃಖದಲ್ಲಿದೀರಿ. ಅದೆಲ್ಲ ಯಾಕೆ? ಈ ಫಾರಮ್ಮಿನಲ್ಲಿ ಅದಕ್ಕೆ ಕಾಲಮ್ಮೂ ಇಲ್ಲ.”

“ಕಾಲಮ್ ಇಲ್ದೆ ಇದ್ರೆ ಕೆಳಗೆ ಬರೀರಿ.”

“ಕೆಳಗೆ ನನ್ನ ಸಹಿ ಬರುತ್ತೆ ಸ್ವಾಮಿ.”

ತಿಂಗಳೊಳಗೆ ತೀರ್ಮಾನ ಬಂತು. ಸತ್ತವನದು ತಪ್ಪಿಲ್ಲ. ರಿಜಿಸ್ಟರ್ ಸುಳ್ಳು, ಅದನ್ನು ಬರೆದ ಎಂಜಿನಿಯರ್ ಕೆಲಸ ಕಳೆದುಕೊಂಡಳು, ಮೇಲೆ ಮೊಕದ್ದಮೆ. ಮ್ಯಾನೇಜರ್ ಬೇರೆ ಮಿಲ್ಲಿಗೆ ವರ್ಗವಾದ. ಮಗಳು ತೀರ್ಮಾನದ ಪತ್ರವನ್ನು ಎರಡು ಸಲ ಓದಿದಳು.

“ನೀವು ಹೇಳಿದ್ದು ಇದರಲ್ಲಿ ಎಲ್ಲಿದೆ?”

“ಹೇಳಿದೆ. ಬರ್ಕೊಳ್ಳಲಿಲ್ಲ.”

“ಹಾಗಾದ್ರೆ ಆ ಕಚೇರಿಯವರ ಲೆಕ್ಕದಲ್ಲಿ ನಿಮಗೆ ಹತ್ತಕ್ಕೆ ಹತ್ತು ಅನ್ನಿ,” ಎಂದು ಪತ್ರ ಮಡಿಸಿಕೊಂಡು ಒಳಗೆ ಹೋದಳು. ಅಪ್ಪ ಎಂದು ಕರೆಯಲಿಲ್ಲ. ಆ ವಾರದಲ್ಲೇ ಗಂಡನ ಊರಿನಲ್ಲಿ ಬಾಡಿಗೆಗೆ ಒಂದು ಕೋಣೆ ನೋಡಿಕೊಂಡಳು.

ನಿವೃತ್ತಿಗೆ ಒಂದು ವಾರವಿತ್ತು. ಮೇಷ್ಟ್ರು ಸಿದ್ಧಮಾಡಿದ ನೀರಿನ ದೊಡ್ಡ ಬಾಟಲಿಯನ್ನು ಎತ್ತಿ ಲ್ಯಾಬಿನ ಸಿಂಕಿಗೆ ಸುರಿದರು. ಅಟೆಂಡರ್ ಓಡಿ ಬಂದ.

“ಅಯ್ಯೋ ಸಾರ್, ಇವತ್ತು ಅರವತ್ತು ಜನಕ್ಕೆ ಏನು ಕೊಡ್ಲಿ?”

“ನಲ್ಲಿ ನೀರು ಕೊಡು.”

“ಅದು ಎಷ್ಟು ಬರುತ್ತೋ ಯಾರಿಗೆ ಗೊತ್ತು ಸಾರ್?”

“ಯಾರಿಗೂ ಗೊತ್ತಿಲ್ಲ. ಅಳೆದೋರಿಗೆ ಗೊತ್ತಾಗುತ್ತೆ.”

ವಿದ್ಯಾರ್ಥಿಗಳು ಬರುವ ಮೊದಲೇ ಅವರು ತಾವೇ ಅಳೆದು ನೋಡಿದರು. ಹತ್ತೊಂಬತ್ತು ಪಾಯಿಂಟ್ ಆರು. ಎರಡು ಗಂಟೆಯ ಮೇಲೆ ಹಾಳೆಗಳು ಮೇಜಿಗೆ ಬಂದವು. ಹದಿನಾಲ್ಕು ಪಾಯಿಂಟ್ ಮೂರು, ಎರಡು, ಎರಡು. ಮೂರು, ಎರಡು, ಎರಡು. ಮೇಷ್ಟ್ರು ತಿರುವುತ್ತಲೇ ಹೋದರು. ಒಂದು ಹಾಳೆಯಲ್ಲಿ ಮಾತ್ರ ಪೆನ್ಸಿಲಿನಲ್ಲಿ ಹತ್ತೊಂಬತ್ತು ಪಾಯಿಂಟ್ ಆರು ಎಂದು ಬರೆದು, ದಪ್ಪಗೆ ಹೊಡೆದುಹಾಕಿ, ಪಕ್ಕದಲ್ಲಿ ಹದಿನಾಲ್ಕು ಪಾಯಿಂಟ್ ಎರಡು ಎಂದಿತ್ತು.

ಆ ಹೊಡೆದ ಅಂಕಿಗೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ ಅವರು ಹತ್ತಕ್ಕೆ ಹತ್ತು ಎಂದು ಬರೆದರು. ಬರೆಯುವುದನ್ನು ದೂರದಿಂದ ನೋಡುತ್ತಿದ್ದ ಆ ಹಾಳೆಯ ಹುಡುಗಿಗೆ ಸುತ್ತು ಮಾತ್ರ ಕಂಡಿತು. ಮೇಜಿನ ಹತ್ತಿರ ಓಡಿ ಬಂದಳು.

“ಸರ್, ಅದನ್ನ ನೋಡ್ಬೇಡಿ ಸರ್. ತಪ್ಪಾಗಿ ಬಂದಿತ್ತು, ಹೊಡೆದು ಸರಿ ಮಾಡಿದೀನಿ. ಅಂಕ ಕಡಿಮೆ ಮಾಡ್ಬೇಡಿ ಸರ್, ಕೈ ಮುಗೀತೀನಿ.”

ಮೇಷ್ಟ್ರು ಉತ್ತರ ಕೊಡಲು ಬಾಯಿ ತೆರೆದರು. ಅವಳು ಆಗಲೇ ರಬ್ಬರು ತೆಗೆದು ಹಾಳೆಯ ಕಡೆ ಕೈ ಚಾಚಿದ್ದಳು.